ಆರ್ವಿಡ್ ಹೇಳಿದ ನೋ

ಮಿನೆಸೋಟಾದ ಪುಟ್ಟ ಊರೊಂದರ ಅಂಚೆ ಕಚೇರಿ. ಸಾಲಿನಲ್ಲಿ ಆರ್ಡಿಸ್‌ಳ ಮುಂದೆ ಆರ್ವಿಡ್ ಮತ್ತು ವರ್ನರ್ ನಿಂತಿದ್ದರು, ಇಬ್ಬರೂ ಎಪ್ಪತ್ತು ದಾಟಿದವರು. ಕದ್ದು ಕೇಳುವ ಚಾಳಿ ಅವಳಿಗಿಲ್ಲ. ಆದರೆ ಕಿವಿಯನ್ನೇನೂ ಅವಳು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

"ಊರಿಗೆ ಹೊಸದಾಗಿ ಬಂದಿದ್ದಾಳಲ್ಲ ರೋಸಲಿ, ಮದ್ವೆ ಆಗೋಣ್ವಾ ಅಂತ ಕೇಳಿದ್ಲು ಕಣೋ," ಎಂದ ಆರ್ವಿಡ್.

"ನೀನೇನಂದೆ?"

"ನೋ ಅಂದೆ."

"ಮತ್ತೆ? ಕೇಳಿದ ತಕ್ಷಣ ಹೂಂ ಅಂದ್ರೆ ಆಸೆಬುರುಕ ಅಂದ್ಕೊಳ್ಳಲ್ವಾ. ಎರಡ್ನೇ ಸಲ ಕೇಳಿದಾಗ?"

"ಕೇಳ್ಲೇ ಇಲ್ಲ. ಸರಿ ಅಂತ ಕೋಟು ಹಾಕ್ಕೊಂಡು ಹೊರಟೋದ್ಲು."

"ಮೊದಲ್ನೇ ನೋಗೇನಾ?"

"ಮೊದಲ್ನೇ ನೋಗೇ. ನಾನು ಮೂರ್ನೇ ಸಲಕ್ಕೆ ಹೂಂ ಅನ್ನೋಕೆ ರೆಡಿಯಾಗಿ ಕೂತಿದ್ದೆ."

"ಎಲ್ಲಿಯವಳು ಅವಳು?"

"ನ್ಯೂಯಾರ್ಕ್."

"ಅಯ್ಯೋ. ಅಲ್ಲಿಯೋರು ಇನ್ನೊಂಚೂರು ಕೇಕ್ ಬೇಕಾ ಅಂದ್ರೆ ಮೊದಲ್ನೇ ಸಲಕ್ಕೇ ತಟ್ಟೆ ಚಾಚ್ತಾರಂತೆ."

"ನಾಚ್ಕೆ ಇಲ್ದೋರು," ಎಂದ ಆರ್ವಿಡ್, ಬಹಳ ಪ್ರೀತಿಯಿಂದ.

"ಹೋಗಿ ನೀನೇ ಕೇಳು. ಅವಳು ನೋ ಅಂದ್ರೆ ಮಾತ್ರ ಮತ್ತೆ ಕೇಳ್ಬೇಡ, ಎದ್ದು ಬಾ. ಅವರ ನೋ ನಮ್ಮ ನೋ ಥರ ಅಲ್ಲ."

"ಈಗ್ಲೇ ಹೋಗ್ತೀನಿ ಕಣೋ."

"ನನ್ನ ಕಾರಲ್ಲಿ ಬಿಡ್ಲಾ?"

"ನೋ, ನಿಂಗ್ಯಾಕೆ ತೊಂದ್ರೆ."

"ಕಾರು ಬಾಗಿಲಲ್ಲೇ ಇದೆ, ಬಿಡ್ತೀನಿ."

"ನೋ, ನೋ, ನಡ್ಕೊಂಡೇ ಹೋಗ್ತೀನಿ."

"ಬಿಡ್ತೀನಿ ಬಾರೋ."

"ಹೇಗೂ ನೀನು ಆ ಕಡೆ ಹೋಗೋದಿದ್ರೆ," ಎನ್ನುವಷ್ಟರಲ್ಲಿ ಆರ್ವಿಡ್, ಕಳಿಸಬೇಕಿದ್ದ ಪಾರ್ಸೆಲ್ ಕಂಕುಳಲ್ಲಿಟ್ಟುಕೊಂಡೇ, ಕಾರಿನಲ್ಲಿ ಕೂತಾಗಿತ್ತು.