ಹಿಂಬಾಗಿಲಿನಿಂದ ಒಯ್ದ ಬಾಣಂತಿ ಮೊಲದ ಬಗ್ಗೆ ದೂರು

ಹೇಳಿಕೆ ಕೊಡುವವರು: ವಿಟ್ಸ್ಕೆ ಹುಕೆಮಾ, ತಂದೆ ದಿವಂಗತ ದೌವೆ ಹುಕೆಮಾ, ವಯಸ್ಸು ಐವತ್ತೊಂಬತ್ತು, ಉದ್ಯೋಗ ಪುರಸಭೆಯ ಎತ್ತುಸೇತುವೆ ಕಾಯುವ ಕೆಲಸ, ವಾಸ ಮನೆ ನಂಬರ್ 14, ದೋಣಿಕಟ್ಟೆ ಬೀದಿ, ಆಲ್ಡೆಬ್ರೆಗ್, ಫ್ರಿಸ್‌ಲ್ಯಾಂಡ್.

ಇಂದು ಶನಿವಾರ ಸಂಜೆ ನಾನಾಗಿಯೇ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ಪಕ್ಕದ ಮನೆ ನಂಬರ್ 16ರ ಬೌಕ್ಯೆ ತೆರ್ಪ್‌ಸ್ಟ್ರಾ ಮೇಲೆ ಹೇಳಬೇಕಾಗಿ ಬಂದದ್ದು ಹೀಗಿದೆ.

ಮಾರ್ಚ್ ತಿಂಗಳ ಮೂರನೆಯ ವಾರ ನಮ್ಮ ಕಡೆ ಮೊಲಗಳ ಆಶ್ರಯ ನಡೆಸುವ ಗೇಸ್ಕೆ ನನಗೆ ಫೋನ್ ಮಾಡಿದರು. ಯಾರೋ ಪುಣ್ಯಾತ್ಮರು ತಮ್ಮ ಗ್ಯಾರೇಜಿನಲ್ಲಿ ಗಂಡು ಹೆಣ್ಣು ಎಂದು ನೋಡದೆ ಮೊಲಗಳನ್ನೆಲ್ಲ ಒಟ್ಟಿಗೆ ಕೂಡಿಹಾಕಿದ್ದರಂತೆ. ಅವುಗಳನ್ನು ಬಿಡಿಸಿ ತಂದಿದ್ದಾರೆ, ಆಶ್ರಯದಲ್ಲಿ ಜಾಗವಿಲ್ಲ, ಎರಡು ಎಳೆಯ ಹೆಣ್ಣು ಮೊಲಗಳನ್ನು ಕೆಲವು ವಾರ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದರು. ನಾನು ಒಪ್ಪಿದೆ. ಎರಡಕ್ಕೂ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಒಂದು ಹಳದಿ ಸಾಸಿವೆಯ ಬಣ್ಣದ್ದು, ಒಂದು ಕಪ್ಪು. ನಾನು ಸಾಸಿವೆ, ಮಸಿ ಎಂದು ಕರೆದೆ.

ಪಶುವೈದ್ಯರು ಹೊಟ್ಟೆ ಹಿಡಿದು ನೋಡಿ, ಈಗಲೇ ಏನೂ ಹೇಳಲಾಗದು ಎಂದಿದ್ದರು. ಗೇಸ್ಕೆ ನನಗೆ ಸ್ಪಷ್ಟವಾಗಿ ಹೇಳಿದ್ದು, "ಗಬ್ಬ ಇಲ್ಲ ಅಂತ ಖಾತ್ರಿ ಆಗೋವರೆಗೂ ಗಬ್ಬ ಅಂತಲೇ ತಿಳ್ಕೊ. ಗಂಡು ಮೊಲದ ಗಾಳಿಯೂ ಸೋಕಬಾರ್ದು. ಎತ್ತಿ ಮುದ್ದು ಮಾಡೋದು, ಬಂದವರಿಗೆಲ್ಲ ತೋರ್ಸೋದು, ಏನೂ ಬೇಡ. ಐದು ವಾರ ಕಳೀಲಿ, ಆಮೇಲೆ ನೋಡೋಣ." ಅದರಂತೆ ನಾನು ಹಿತ್ತಲಿನ ಶೆಡ್ಡಿನಲ್ಲಿ ಎರಡಕ್ಕೂ ಬೇರೆ ಬೇರೆ ಗೂಡು ಮಾಡಿ, ಎರಡರಲ್ಲೂ ಮರಿ ಹಾಕಲು ಒಂದೊಂದು ಮರದ ಪೆಟ್ಟಿಗೆ ಇಟ್ಟು, ಒಣಹುಲ್ಲನ್ನು ಧಾರಾಳವಾಗಿ ತುಂಬಿದೆ. ಗೂಡುಗಳ ನಡುವೆ ಜಾಲರಿ ಇದ್ದುದರಿಂದ ಒಂದಕ್ಕೊಂದು ಮೂಗು ತಾಗಿಸಿಕೊಂಡು ಮಲಗುತ್ತಿದ್ದವು.

ಮಾರ್ಚ್ ಕೊನೆಯಲ್ಲಿ ಬೌಕ್ಯೆ ಕಾಫಿಗೆ ಬಂದಳು. ನಮ್ಮ ಬೀದಿಯಲ್ಲಿ ಮುಂಬಾಗಿಲನ್ನು ಯಾರೂ ಬಳಸುವುದಿಲ್ಲ. ಅದು ಮದುವೆಗೆ, ಹೆಣ ಸಾಗಿಸುವುದಕ್ಕೆ, ಅಂಚೆಯವನಿಗೆ. ಉಳಿದವರೆಲ್ಲ ಹಿತ್ತಲಿನಿಂದ ಬಂದು, ಹಿಂಬಾಗಿಲು ತೆರೆದು, ಇದ್ದೀಯಾ ಎಂದು ಕೂಗಿ ಒಳಗೆ ಬರುತ್ತಾರೆ. ಬೌಕ್ಯೆ ಇಪ್ಪತ್ತು ವರ್ಷದಿಂದ ಹಾಗೆಯೇ ಬರುತ್ತಿದ್ದಾಳೆ. ಆ ದಿನ ಬರುವಾಗ ಶೆಡ್ಡಿಗೆ ಮೂಗು ತೂರಿಸಿಯೇ ಬಂದಿದ್ದಳು.

ಅವಳು ಬಂದವಳೇ, "ಏನೇ ಇದು, ಜೈಲು ಮಾಡಿಟ್ಟಿದೀಯ? ಮೊಲ ಒಂಟಿಯಾಗಿದ್ರೆ ಕೊರಗಿ ಕೊರಗಿ ಸಾಯುತ್ತೆ, ಗೊತ್ತಿಲ್ವಾ ನಿಂಗೆ?" ಎಂದಳು. ಈ ದೇಶದಲ್ಲಿ ಮೊಲವನ್ನು ಒಂಟಿಯಾಗಿ ಸಾಕಬಾರದು ಎಂದು ಶಾಲೆಯಲ್ಲಿ, ಅಂಗಡಿಯಲ್ಲಿ, ಟೀವಿಯಲ್ಲಿ ಎಲ್ಲ ಕಡೆ ಹೇಳುತ್ತಾರೆ. ಮಾತು ಸರಿಯೇ. ಆದರೆ ಬೌಕ್ಯೆಯ ತಲೆಗೆ ಒಂದು ಸರಿಯಾದ ಮಾತು ಹೊಕ್ಕರೆ ಎರಡನೆಯದಕ್ಕೆ ಜಾಗವಿರುವುದಿಲ್ಲ. ಗಬ್ಬ ಇರಬಹುದು, ಅದಕ್ಕೇ ಬೇರೆ ಇಟ್ಟಿದ್ದೇನೆ ಎಂದು ಹೇಳಿದೆ. ಅವಳು, "ನಮ್ಮ ಮೇಯರ್‌ನ ಕಳಿಸ್ತೀನಿ, ಜೊತೆಗಿರ್ಲಿ" ಎಂದಳು. ಮೇಯರ್ ಎಂದರೆ ಅವಳ ಗಂಡು ಮೊಲ. ಅವನಿಗೆ ಬೀಜ ತೆಗೆಸಿಲ್ಲ. ತೆಗೆಸು ಎಂದು ಬೀದಿಯವರೆಲ್ಲ ಹೇಳಿದರೂ, ಪಾಪ ಅವನ ಮನಸ್ಸಿಗೆ ನೋವಾಗುತ್ತದೆ ಎನ್ನುತ್ತಾಳೆ. ನಿನ್ನ ಮೇಯರ್ ನನ್ನ ಹಿತ್ತಲಿಗೆ ಕಾಲಿಟ್ಟರೆ ಬಾಣಲೆಯಲ್ಲಿ ವಾಪಸ್ ಬರುತ್ತಾನೆ ಎಂದು ನಾನು ಹೇಳಿದ್ದು ನಿಜ. ಆ ಮಾತನ್ನು ಅವಳು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿರುವುದರಿಂದ ನಾನೇ ಇಲ್ಲಿ ಹೇಳಿಬಿಡುತ್ತಿದ್ದೇನೆ.

ಇಂದು ಬೆಳಿಗ್ಗೆ ಆರೂವರೆಗೆ ಮೇವು ಹಾಕಲು ಹೋದಾಗ ಸಾಸಿವೆ ಬಾಯಿತುಂಬ ಹುಲ್ಲು ಕಚ್ಚಿಕೊಂಡು ಓಡಾಡುತ್ತಿತ್ತು. ಎರಡೂ ಕಡೆ ಹುಲ್ಲು ಚಾಚಿಕೊಂಡು ಮುದುಕರ ಮೀಸೆಯಂತೆ ಕಾಣುತ್ತಿತ್ತು. ಮರಿ ಹಾಕಲು ಹಾಸಿಗೆ ಮಾಡಿಕೊಳ್ಳುತ್ತಿದೆ ಎಂದು ನನಗೆ ಅರ್ಥವಾಯಿತು. ಸದ್ದು ಮಾಡದೆ ಬಾಗಿಲು ಮುಂದೆ ಮಾಡಿ ಕೆಲಸಕ್ಕೆ ಹೋದೆ. ಹನ್ನೊಂದಕ್ಕೆ ವಿರಾಮದಲ್ಲಿ ಸೈಕಲ್ ತುಳಿದುಕೊಂಡು ಬಂದು ನೋಡಿದಾಗ ಅದು ಎದೆಯ, ಹೊಟ್ಟೆಯ ತುಪ್ಪಳವನ್ನೆಲ್ಲ ತಾನೇ ಕಿತ್ತು ಪೆಟ್ಟಿಗೆಯಲ್ಲಿ ಹಾಸಿತ್ತು. ಆ ತುಪ್ಪಳ ಉಸಿರಾಡುತ್ತಿತ್ತು. ಕೈ ತೊಳೆದು, ಮನುಷ್ಯರ ವಾಸನೆ ತಾಗದಂತೆ ಹುಲ್ಲಿನಲ್ಲಿ ಉಜ್ಜಿಕೊಂಡು, ಮೆಲ್ಲಗೆ ಸರಿಸಿ ನೋಡಿದೆ. ಆರು ಮರಿಗಳು. ಮೈಮೇಲೆ ಒಂದು ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಹೆಬ್ಬೆರಳಿನಷ್ಟು ಗಾತ್ರ. ಎಲ್ಲವೂ ಬೆಚ್ಚಗಿದ್ದವು. ಎಲ್ಲವೂ ಬದುಕಿದ್ದವು. ಇದನ್ನು ದಯವಿಟ್ಟು ಸರಿಯಾಗಿ ಬರೆದುಕೊಳ್ಳಿ. ಮತ್ತೆ ತುಪ್ಪಳ ಮುಚ್ಚಿದೆ.

ತಾಯಿ ಗೂಡಿನ ಇನ್ನೊಂದು ಮೂಲೆಯಲ್ಲಿ, ಮರಿಗಳಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಗೋಡೆ ನೋಡುತ್ತ ಕುಳಿತಿತ್ತು. ಅವುಗಳ ರೀತಿಯೇ ಹಾಗೆ. ಮರಿಗಳ ಹತ್ತಿರ ಕುಳಿತರೆ ನರಿಗೆ ಜಾಗ ತೋರಿಸಿಕೊಟ್ಟಂತಾಗುತ್ತದೆ. ದಿನಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಬಂದು ನಾಲ್ಕು ನಿಮಿಷ ಹಾಲು ಕೊಟ್ಟು ಹೋಗುತ್ತದೆ. ಆ ಒಂದು ಸರದಿ ತಪ್ಪಿದರೆ ಮರಿಗಳ ಕಥೆ ಮುಗಿದಂತೆ. ಗೇಸ್ಕೆ ನನಗೆ ಇದನ್ನು ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ವಾಪಸ್ ಸೇತುವೆಗೆ ಹೋದೆ.

ಏಪ್ರಿಲ್‌ನ ಮೊದಲ ಬಿಸಿಲಿನ ಶನಿವಾರವಾದ್ದರಿಂದ ಊರಿನ ದೋಣಿಗಳೆಲ್ಲ ಹೊರಗೆ ಬಂದಿದ್ದವು. ಸೇತುವೆ ಎತ್ತುವುದು, ಇಳಿಸುವುದು, ಹಾದುಹೋಗುವ ದೋಣಿಯವರ ಮುಂದೆ ಗಾಳದ ಕೋಲಿಗೆ ಕಟ್ಟಿದ ಮರದ ಬೂಟನ್ನು ಚಾಚಿ ಅದರೊಳಗೆ ಸುಂಕದ ಕಾಸು ಹಾಕಿಸಿಕೊಳ್ಳುವುದು, ಇದರಲ್ಲೇ ಮಧ್ಯಾಹ್ನ ಕಳೆಯಿತು. ಫೋನ್ ಸೇತುವೆಯ ಕಾವಲು ಕೋಣೆಯೊಳಗೆ ಚೀಲದಲ್ಲಿತ್ತು. ಮೂರು ಗಂಟೆಗೆ ಪಾಳಿ ಮುಗಿಸಿ ತೆಗೆದು ನೋಡಿದರೆ ನಮ್ಮ ಬೀದಿಯ ವಾಟ್ಸಪ್ ಗುಂಪಿನಲ್ಲಿ ಸಾಸಿವೆಯ ಫೋಟೋ. ಬೋಳು ಎದೆ, ಬೋಳು ಹೊಟ್ಟೆ. ಕೆಳಗೆ ಬೌಕ್ಯೆ ಬರೆದಿದ್ದಳು: "ನಮ್ಮ ಬೀದಿಯಲ್ಲೇ ಇಂಥ ಕ್ರೌರ್ಯ! ಮೂಕಪ್ರಾಣಿಯ ಕೂದಲು ಕಿತ್ತಿದ್ದಾರೆ. ಯಾರು ಅಂತ ಹೇಳಲ್ಲ, ಸೇತುವೆ ಹತ್ತಿರ ಕೆಲಸ ಮಾಡ್ತಾರೆ." ಅದರ ಕೆಳಗೆ ಅಳುವ ಮುಖಗಳು. ಇಪ್ಪತ್ತಮೂರನೆಯ ನಂಬರಿನವರು, ಅವಳ ಮುಖ ನೋಡಿದಾಗಲೇ ಅನ್ನಿಸಿತ್ತು ಎಂದು ಬರೆದಿದ್ದರು. ಹೋದ ಚಳಿಗಾಲ ಅವರ ಮನೆಯ ಮುಂದಿನ ಹಿಮ ಎತ್ತಿ ಹಾಕಿದ್ದು ಇದೇ ಮುಖದವಳು. ಕೊನೆಯ ಸಂದೇಶ ಬೌಕ್ಯೆಯದು: "ರಕ್ಷಿಸಲಾಗಿದೆ." ಪಕ್ಕದಲ್ಲಿ ಕೆಂಪು ಹೃದಯ.

ನಾನು ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಗೂಡು ಖಾಲಿ. ಮಸಿ ತನ್ನ ಗೂಡಿನ ಮೂಲೆಗೆ ಒತ್ತಿಕೊಂಡು ಹಿಂಗಾಲಿನಿಂದ ನೆಲ ಬಡಿಯುತ್ತಿತ್ತು. ಮರಿಗಳ ಪೆಟ್ಟಿಗೆಯ ಮೇಲಿನ ತುಪ್ಪಳವನ್ನು ಯಾರೋ ಹಿಡಿತುಂಬ ಎತ್ತಿಕೊಂಡಿದ್ದರು. ಕೆಳಗೆ ಕೈ ಹಾಕಿ ನೋಡುವ ಬುದ್ಧಿ ಅವರಿಗೆ ಬಂದಿರಲಿಲ್ಲ. ಹೊದಿಕೆ ಹೋದ ಜಾಗದಿಂದ ಗಾಳಿ ಒಳಗೆ ನುಗ್ಗಿತ್ತು. ಐದು ಮರಿಗಳು ಒಂದರ ಮೇಲೊಂದು ಹತ್ತಿ ಮುದ್ದೆಯಾಗಿದ್ದವು. ಆರನೆಯದು ಅಂಚಿನಲ್ಲಿತ್ತು. ಅಂಗೈಯಲ್ಲಿಟ್ಟುಕೊಂಡು ಬಾಯಿಯಿಂದ ಬಿಸಿಯುಸಿರು ಊದಿದೆ, ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡು ಕುಳಿತೆ. ಅದು ಮತ್ತೆ ಬೆಚ್ಚಗಾಗಲಿಲ್ಲ.

ಬದುಕಿದ್ದ ಐದನ್ನು ಉಣ್ಣೆ ಟೋಪಿಯೊಳಗೆ ಹಾಕಿ, ಬಿಸಿನೀರಿನ ಚೀಲದ ಜೊತೆ ಬೂಟಿನ ಡಬ್ಬಿಯಲ್ಲಿಟ್ಟೆ. ಅವುಗಳ ಹೊಟ್ಟೆ ಒಳಗೆ ಸೇದಿ ಚರ್ಮ ಸುಕ್ಕಾಗಿತ್ತು. ಗೇಸ್ಕೆಗೆ ಫೋನ್ ಮಾಡಿದಾಗ, ರಾತ್ರಿಯೊಳಗೆ ತಾಯಿ ಹಾಲು ಸಿಗಬೇಕು, ಬಾಟಲಿ ಹಾಲಿನಲ್ಲಿ ಇಷ್ಟು ಎಳೆಯವು ಉಳಿಯುವುದು ಅನುಮಾನ ಎಂದರು.

ನಾನು ಡಬ್ಬಿ ಹಿಡಿದುಕೊಂಡು ನಂಬರ್ 16ರ ಮುಂಬಾಗಿಲಿಗೆ ಹೋಗಿ ಗಂಟೆ ಒತ್ತಿದೆ. ಬೌಕ್ಯೆ ಬಾಗಿಲು ತೆರೆದು ನನ್ನನ್ನು ಅಲ್ಲಿ ಕಂಡಾಗಲೇ ಬಣ್ಣಗೆಟ್ಟಳು. ಅವಳ ಹಿಂದೆ ಅಡುಗೆಮನೆಯಲ್ಲಿ ಗಂಡ ಸಿಯೆರ್ಡ್ ಆಲೂಗಡ್ಡೆ ಸುಲಿಯುತ್ತಿದ್ದ. ಮೊಲ ಕೊಡು ಎಂದೆ. ಅವಳು ಅಡ್ಡ ನಿಂತು, "ಕೊಡಲ್ಲ. ನೀನು ಕೂದಲು ಕಿತ್ತಿದ್ದಕ್ಕೆ ನನ್ನ ಹತ್ರ ಸಾಕ್ಷಿ ಇದೆ" ಎಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದ ತುಪ್ಪಳವನ್ನು ನನ್ನ ಮುಖಕ್ಕೆ ಹಿಡಿದಳು. ಮರಿಗಳ ಹೊದಿಕೆ ಅದು. ನಾನು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಅವಳು ಬಗ್ಗಿ ಒಳಗೆ ನೋಡಿದಳು. ಆಗ ತಪ್ಪಾಯಿತು ಎಂದಿದ್ದರೆ ನಾನು ಇಲ್ಲಿ ಬಂದು ಕೂರುತ್ತಿರಲಿಲ್ಲ.

ಅವಳು ಹೇಳಿದ್ದು ಇದು: "ಅಯ್ಯೋ ಪಾಪ! ನೋಡು, ನಿನ್ನ ಹಿಂಸೆಗೆ ತಾಯಿ ಮರಿಗಳ್ನೇ ಬಿಟ್ಟುಬಿಟ್ಟಿದಾಳೆ. ನಾನು ಅಷ್ಟು ಹೊತ್ತು ನಿಂತು ನೋಡ್ದೆ, ಒಂದ್ಸಲನಾದ್ರೂ ಆ ಪೆಟ್ಟಿಗೆ ಕಡೆ ತಿರುಗಿ ನೋಡ್ಲಿಲ್ಲ. ಇಲ್ಲಿ ಕೊಡು, ನಾನೇ ಬಾಟಲಿ ಹಾಲು ಕುಡಿಸ್ತೀನಿ." ಕೈ ಚಾಚಿದಳು. ನಾನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡೆ. ಸಾಸಿವೆ ಎಲ್ಲಿ ಎಂದು ಕೇಳಿದೆ. "ಹಿತ್ತಲಲ್ಲಿ ಮೇಯರ್ ಜೊತೆ ಆರಾಮಾಗಿದೆ. ಒಂಟಿತನ ತಪ್ತು ಅದಕ್ಕೆ" ಎಂದಳು.

ನಾನು ನಮ್ಮ ಹಿತ್ತಲಿಗೆ ಹೋಗಿ ಬೇಲಿಯ ಮೇಲಿನಿಂದ ನೋಡಿದೆ. ಆರಾಮ ಎಂದರೆ ಏನೆಂದು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬೆಳಿಗ್ಗೆಯಷ್ಟೇ ಹೆತ್ತ ಎಳೆಯ ಪ್ರಾಣಿ ಹೂವಿನ ಕುಂಡಗಳ ನಡುವೆ ಓಡಿ ಓಡಿ ಸುಸ್ತಾಗಿ, ಕೊನೆಗೆ ಓಡುವುದನ್ನೇ ನಿಲ್ಲಿಸಿತ್ತು. ಮೊಲ ಹೆತ್ತ ದಿನವೇ ಮತ್ತೆ ಗಬ್ಬವಾಗುತ್ತದೆ. ಇದನ್ನು ಬೌಕ್ಯೆಗೆ ಕೂಗಿ ಹೇಳಿದೆ. ನಾನು ಬಳಸಿದ ಉಳಿದ ಪದಗಳು ಬೀದಿಗೆಲ್ಲ ಕೇಳಿಸಿವೆ, ಬೇಕಾದರೆ ಅವರನ್ನೇ ಕೇಳಿ. ಅವಳು ಹಿತ್ತಲ ಗೇಟಿಗೆ ಬೀಗ ಹಾಕಿಕೊಂಡಳು.

ನಾನು ಡಬ್ಬಿಯನ್ನು ಕೋಟಿನೊಳಗೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಠಾಣೆಗೆ ಬಂದೆ. ಕೌಂಟರಿನಲ್ಲಿದ್ದ ಯೋರಿಟ್ ನಮ್ಮೂರಿನವನೇ, ಚಿಕ್ಕಂದಿನಿಂದ ನನ್ನನ್ನು ಆಂಟಿ ಎಂದೇ ಕರೆಯುವವನು. ಎಲ್ಲ ಕೇಳಿದ ಮೇಲೆ, "ಆಂಟಿ, ನಮ್ ಕಡೆ ಎಲ್ರೂ ಹಿಂಬಾಗ್ಲಿಂದಾನೇ ಬರೋದಲ್ವಾ? ಬೀಗ ಒಡೆದಿಲ್ಲ, ಏನಿಲ್ಲ. ಇದನ್ನ ಕಳ್ಳತನ ಅಂತ ಹೇಗೆ ಬರೀಲಿ? ನೆರೆಹೊರೆ ಜಗಳ, ಸೋಮವಾರ ಕೂತು ಮಾತಾಡೋಣ" ಎಂದ. ಹಿಂಬಾಗಿಲು ತೆರೆದಿಡುವುದು ಕಾಫಿ ಕುಡಿಯಲಿ ಎಂದು, ಬಾಣಂತಿಯನ್ನು ಹೊತ್ತುಕೊಂಡು ಹೋಗಲಿ ಎಂದಲ್ಲ ಎಂದು ನಾನು ಹೇಳಿದೆ. ಸೋಮವಾರಕ್ಕೆ ಇವು ಇರುವುದಿಲ್ಲ ಎಂದೆ. ಡಬ್ಬಿ ತೆರೆದು ಅವನ ಕಾಗದಗಳ ಮೇಲೆ ಇಟ್ಟೆ. ಅವನು ನೋಡಿದ. ಆಮೇಲೆ ಬೌಕ್ಯೆಯ ಮನೆಗೆ ಫೋನ್ ಮಾಡಿದ. ಅವಳು ಅವನಿಗೂ ಒಂಟಿ ಮೊಲದ ಪಾಠ ಮಾಡಿ ಫೋನ್ ಇಟ್ಟಳು. ಅಷ್ಟಾದ ಮೇಲೆ ಅವನು ಕುರ್ಚಿ ಎಳೆದುಕೊಂಡು ಈ ಹೇಳಿಕೆ ಬರೆದುಕೊಳ್ಳಲು ಶುರು ಮಾಡಿದ.

ಹೇಳಿಕೆ ಇಲ್ಲಿಯವರೆಗೆ ಬಂದಾಗ ಸಿಯೆರ್ಡ್ ತರಕಾರಿ ಬುಟ್ಟಿಯ ಮೇಲೆ ಟವೆಲ್ ಮುಚ್ಚಿಕೊಂಡು ಒಳಗೆ ಬಂದ. ಅವನು ಮಾತು ಕಡಿಮೆಯ ಮನುಷ್ಯ. "ತಗೋ ವಿಟ್ಸ್ಕೆ. ಬೌಕ್ಯೆ ಮೇಲ್ಗಡೆ ಫೋನಲ್ಲಿದಾಳೆ. ನಾನು ಹಿಂಬಾಗ್ಲಿಂದ ಬಂದೆ" ಎಂದ. ಬುಟ್ಟಿಯಲ್ಲಿ ಸಾಸಿವೆ ಇತ್ತು. ಕಿವಿ ಹರಿದಿತ್ತು, ಮೈ ನಡುಗುತ್ತಿತ್ತು.

ಗೇಸ್ಕೆ ಫೋನಿನಲ್ಲಿ ಹೇಳಿದಂತೆ ಮೇಜಿನ ದೀಪ ಆರಿಸಿ, ತಾಯಿಯನ್ನು ಡಬ್ಬಿಯ ಮೇಲೆ ಎರಡೂ ಕೈಯಿಂದ ಹಿಡಿದು ನಿಲ್ಲಿಸಿದೆ. ಮೊದಲು ಅದು ಒದ್ದಾಡಿತು. ನನ್ನ ಕೈಗೆ ಉಗುರು ಇಳಿಸಿತು. ಆಮೇಲೆ ಕೆಳಗಿನಿಂದ ಮರಿಗಳು ಅದರ ಹೊಟ್ಟೆ ಹುಡುಕಿಕೊಂಡು ಅಂಗಾತ ಮಗುಚಿಕೊಂಡವು. ಅದು ಸುಮ್ಮನಾಯಿತು. ಯೋರಿಟ್ ಬಾಗಿಲ ಬಳಿ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ. ಸಿಯೆರ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಹಾಲು ಕುಡಿದಾದ ಮೇಲೆ ತೆಳು ಚರ್ಮದ ಒಳಗೆ ಬಿಳಿ ಹಾಲು ಐದೂ ಹೊಟ್ಟೆಗಳಲ್ಲಿ ಕಾಣುತ್ತಿತ್ತು. ನನಗೆ ಅಳು ಬಂತು. ಅದು ಸಿಟ್ಟಿನ ಅಳು ಎಂದು ಬರೆಯಿರಿ.

ಮುಂದಿನ ತಿಂಗಳು ಸಾಸಿವೆ ಮತ್ತೆ ಮರಿ ಹಾಕಿದರೆ ಆ ಮರಿಗಳ ಮೇವು, ವೈದ್ಯರು, ಮನೆ ಹುಡುಕುವುದು, ಎಲ್ಲವೂ ಬೌಕ್ಯೆಯ ಹೊಣೆ. ಮೇಯರ್‌ಗೆ ಬೀಜ ತೆಗೆಸಬೇಕು. ನನ್ನ ಬಗ್ಗೆ ಬರೆದ ಅದೇ ಗುಂಪಿನಲ್ಲಿ, ತುಪ್ಪಳ ಕಿತ್ತದ್ದು ತಾಯಿಯೇ, ಏಕೆ ಕಿತ್ತಿತು ಎಂದು ಅವಳ ಕೈಯಿಂದಲೇ ಬರೆಸಬೇಕು. ಇಷ್ಟು ಆಗುವವರೆಗೆ ದೂರು ವಾಪಸ್ ತೆಗೆದುಕೊಳ್ಳುವುದಿಲ್ಲ.

ಯೋರಿಟ್ ಕೊನೆಯಲ್ಲಿ, ಒಯ್ದ ಮೊಲ ಮರಳಿ ಸಿಕ್ಕಿದೆ, ದೂರುದಾರರಿಗೆ ನಷ್ಟವಾಗಿಲ್ಲ ಎಂದು ಬರೆದು ಓದಿ ಹೇಳಿದ. ನಾನು ಪೆನ್ನು ಕೆಳಗಿಟ್ಟೆ. "ಆಂಟಿ, ಮೊಲ ಸಿಕ್ತಲ್ಲ?" ಎಂದ. ನಾನು ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು, ಬಿಚ್ಚಿ, ಆರನೆಯ ಮರಿಯನ್ನು ಅವನ ಮುಂದೆ ಇಟ್ಟೆ. ಅವನು ಬರೆದ ಸಾಲನ್ನು ಹೊಡೆದುಹಾಕಿ, ಕೆಳಗೆ ಹೀಗೆ ಬರೆದ: ಬೆಳಿಗ್ಗೆ ಆರು ಬದುಕಿದ್ದವು, ಸಂಜೆಗೆ ಐದು.

ಇದನ್ನೆಲ್ಲ ನನಗೆ ಓದಿ ಹೇಳಲಾಗಿದೆ. ನಾನು ಕಂಡದ್ದನ್ನೇ ಹೇಳಿದ್ದೇನೆ, ಹೇಳಿದ್ದನ್ನೇ ಬರೆಯಲಾಗಿದೆ. ಮೇಲಿನ ತಿದ್ದುಪಡಿ ಆದ ಮೇಲೆಯೇ ಸಹಿ ಹಾಕುತ್ತಿದ್ದೇನೆ.

ಸ್ಥಳ: ಆಲ್ಡೆಬ್ರೆಗ್ ಠಾಣೆ
ದಿನಾಂಕ: ಏಪ್ರಿಲ್ 18, ಶನಿವಾರ
(ಸಹಿ) ವಿಟ್ಸ್ಕೆ ಹುಕೆಮಾ
ಬರೆದುಕೊಂಡವರು: (ಸಹಿ) ಯೋರಿಟ್