ಬೆಳ್ಳಕ್ಕಿ ಪುಡಿಯ ಅಳತಿ

ನಗಾಕತ್ತಿ? ನಗು, ನಗು! ಹದಿಮೂರು ಸಲ ಕೆಡಿಸಿದಾಂವ ಹದಿನಾಲ್ಕನೇ ಸಲ ಖಾಲಿ ಬಕೀಟು, ಪುಡಿ ಚೀಲ ಹೊತ್ಗಂಡು ದೇವದುರ್ಗದಿಂದ ಮಾನ್ವಿತನಕ ಬಸ್ಸಿನ್ಯಾಗ ನಿಂತು ಬಂದಾನಂದ್ರ ನಗಬೇಕ! ಕಂಡಕ್ಟರ್ ಕೇಳಿದ, ಯಜಮಾನ, ಚೀಲದಾಗ ಏನದ ಅಂತ. ಬಟ್ಟಿ ಒಗಿಯೋ ಪುಡಿ, ಬೆಳ್ಳಕ್ಕಿ ಪುಡಿ ಅಂದೆ. ಅಂವ ಬಗ್ಗಿ ಮೂಸಿದ. "ನಮ್ಮವ್ವ ಬೆಳ್ಳಕ್ಕಿ ಪುಡಿಲೇ ಒಗಿತಿದ್ಲು, ಆದ್ರ ಇದು ಆ ವಾಸನಿ ಅಲ್ಲ ಬಿಡು" ಅಂದ. ನೋಡು! ಟಿಕೀಟು ಹರಿಯಾಂವಗೂ ಗೊತ್ತಾಗ್ತದ!

ಇಲ್ಲ... ನೀ ನಗಾಕತ್ತಿಲ್ಲ. ನನಗ ಹಂಗ ಕಂಡೀತು.

ಬಂದು ಅರ್ಧ ತಾಸಾತು ಹೀರಾಬಿ. ಒಂದು ಮಾತಿಲ್ಲ, ಕತಿ ಇಲ್ಲ. ನಿನ್ನ ತಮ್ಮ ಖಾಜಾ ಆದ್ರೂ "ಬರ್ರಿ ಆದೆಪ್ಪಣ್ಣ, ಕುಂದರ್ರಿ" ಅಂದು ಕೆಲಸಕ್ಕ ಹ್ವಾದ. ನೀ? ಮುಖ ನೋಡಿ ಇಪ್ಪತ್ತೆರಡು ವರ್ಷ ಆತು, ಒಂದ ಕಾರ್ಖಾನಿಯಾಗ ದುಡದಾಂವ ಬಂದಾನ, ಸೌಖ್ಯೇನು ಅನ್ನಾಕೂ ಆಗವಲ್ದೇನು?

ಇರ್ಲಿ. ಸಿಟ್ಟದ ನಿನಗ. ನಿನ್ನ ನೌಕರಿ ಹ್ವಾದ ಮ್ಯಾಲ ನಾ ಒಮ್ಮೆರ ಬಂದು ನೋಡಲಿಲ್ಲ ಅಂತ ಸಿಟ್ಟು. ಬರಬೇಕಿತ್ತು. ಇವತ್ತು ಬಂದೀನಲ್ಲ? ಕೇಳು ಮತ್ತ.

ನನ್ನ ಸೊಸಿ ಯಶೋಧಾ, ನೀ ನೋಡಿಲ್ಲ ಆಕಿನ್ನ. ಬಂಗಾರದಂಥ ಹುಡುಗಿ. ಹೆಣ್ಮಕ್ಕಳ ಸಂಘ ಮಾಡ್ಯಾಳ, ಇಪ್ಪತ್ತು ಮಂದಿ. ಸೋಮವಾರ ರಾಯಚೂರಾಗ ದೊಡ್ಡ ಮೇಳ ಅದ. ಎಲ್ಲಾರೂ ಹಪ್ಪಳ, ಸಂಡಿಗಿ, ಶೇಂಗಾ ಚಟ್ನಿ ಇಡ್ತಾರ. ಈಕಿ ಅಂದ್ಲು, ಮಾವ, ನಾವು ಬೆಳ್ಳಕ್ಕಿ ಪುಡಿ ಇಡಮು! ಕಾರ್ಖಾನಿ ಮುಚ್ಚಿ ಇಷ್ಟು ವರ್ಷಾದ್ರೂ ಮಂದಿ ನೆನಸ್ತಾರ, ನೀವೇ ಹುಟ್ಟಿಸಿದ್ದು, ನೀವೇ ಮಾಡ್ರಿ...

ಯಾಕ ಹಂಗ ನೋಡ್ತಿ?

ಹೂಂ... ಹೇಳೀನಿ. ನಾನೇ ಹುಟ್ಟಿಸಿದ್ದು ಅಂತ ಹೇಳೀನಿ! ಸಂತ್ಯಾಗ ಹೇಳೀನಿ, ಚಾದ ಹೋಟ್ಲಾಗ ಹೇಳೀನಿ, ಬೀಗರ ಮುಂದ ಹೇಳೀನಿ. ಮನಶಾ ಅಂದ ಮ್ಯಾಲ ನಾಲ್ಕು ಮಾತು ಹೆಚ್ಚಿಗಿ ಆಡ್ತಾನ. ನನಗರ ಏನು ಗೊತ್ತಿತ್ತು, ಆಕಿ ಅದನ್ನ ಬೋರ್ಡಿಗಿ ಬರಸ್ತಾಳ ಅಂತ! "ಬೆಳ್ಳಕ್ಕಿ ಪುಡಿ ಹುಟ್ಟಿಸಿದ ಆದೆಪ್ಪ." ಬಾಜೂಕ ನನ್ನ ಫೋಟೋ. ತಲಿಗಿ ಪಟಗಾ ಸುತ್ತಿಸಿ ತಗಿಸ್ಯಾಳ.

ಮತ್ತ ನಾ ಮಾಡಾಕ ಕುಂತ್ರ... ಮೊದಲನೇದು ನೊರಿನ ಬರಲಿಲ್ಲ. ಎರಡನೇದು ಕಲ್ಲಾತು, ಒಳ್ಳಕಲ್ಲಿನ ಗುಂಡು ತಗಂಡು ಒಡದ್ರೂ ಒಡೀಲಿಲ್ಲ. ಐದನೇದ್ರಾಗ ನನ್ನ ಧೋತರ ಒಗದೆ, ಜರಡಿ ಆತು. ಈಗಿಂದು ಹೊಲಸೇನೋ ಬಿಡಸ್ತದ, ಆದ್ರ ಆ ವಾಸನಿ ಇಲ್ಲ. ನಮ್ಮೋಣಿ ಉಮಾದೇವಿ ಮೂಸಿ ನೋಡಿ, "ಆದೆಪ್ಪ, ನೀ ಮಾಡಿದ್ದು ಖರೇನ?" ಅಂದ್ಲು. ಸೊಸಿ ಮುಂದ ಅಂದ್ಲು ಹೀರಾಬಿ! ಯಶೋಧಾ ನನ್ನ ಮುಖ ನೋಡಿದ್ಲು. ಆ ನೋಟ ನನಗ ತಡಕಳಾಕ ಆಗಲಿಲ್ಲ.

ಕಡೀಗಿ ನೀ ಹಾಕ್ತಿದ್ದಿಯಲ್ಲ, ಅಂಟವಾಳಕಾಯಿ, ಲಾವಂಚ, ಎರಡೂ ಕುಟ್ಟಿ ಬೆರೆಸಿದ್ದು... ಅದೇ ಬೇಕು ನನಗ. ಸಾಮಾನು ತಂದೀನಿ. ಅಳತಿ ತಪ್ಪಾಕತ್ತದ. "ಹೀರಾಬಿ, ಹಿಡಿ ಹಾಕು!" ಅಂತ ಕಾರ್ಖಾನಿ ಸಾವ್ಕಾರ ಒದರ್ತಿದ್ದ, ನೆನಪದ? ತಕ್ಕಡಿ ಇತ್ತು, ತೂಕದ ಕಲ್ಲಿದ್ವು, ಆದ್ರ ಅದಕ್ಕ ಮಾತ್ರ ನಿನ್ನ ಬಲಗೈ ಹಿಡೀನ ಆಗಬೇಕು. ಆರು ಹಿಡಿ. ನೀ ರಜಾ ಹಾಕಿದ್ರ ಅವತ್ತಿನ ಪುಡೀನ ಬ್ಯಾರೆ! ನಾ ನನ್ನ ಹಿಡೀಲೇ ಆರು ಹಾಕಿದೆ, ಘಾಟು ಹೊಡೀತು. ನಾಲ್ಕು ಹಾಕಿದೆ, ಸಪ್ಪಗ. ನನ್ನ ಹಿಡಿ ಬ್ಯಾರೆ, ನಿನ್ನ ಹಿಡಿ ಬ್ಯಾರೆ.

ಒಂದ ಒಂದು ಹಿಡಿ ತುಂಬಿ ಕೊಡು ಬೇ. ನಾ ಅದನ್ನ ತೂಕ ಮಾಡಿಕಂತೀನಿ, ಎದ್ದು ಹೋಗ್ತೀನಿ. ಹನ್ನೆರಡಕ್ಕ ಯಶೋಧಾ ಫೋನ್ ಮಾಡ್ತಾಳ, ಅಳತಿ ಬರಕಳಾಕ.

ಕೈ ಯಾಕ ಸೆರಗಿನಾಗ ಇಟ್ಟೀ? ತಗೀ.

...ನೋವದೇನು ಇನ್ನಾ? ಇಷ್ಟು ವರ್ಷಾತು, ಮಾಯ್ದಿರ್ತದ ಅಂದ್ಕಂಡಿದ್ದೆ.

ನೋಡು ಹೀರಾಬಿ, ಅವತ್ತಿನ ಮಾತು ಈಗ್ಯಾಕ? ನಸೀಬು. ನೀ ಗಡಿಬಿಡಿ ಮಾಡಿದಿ. ಕಾಸ್ಟಿಕ್ ಸೋಡಾ ಮ್ಯಾಲ ನೀರು ಸುರುವಿದಿ, ಕುದ್ದು ಸಿಡೀತು. ಎಲ್ಲಾರೂ ಹಂಗ ಅಂದ್ರು, ಸಾವ್ಕಾರ ಕೇಳಿದಾಗ ನಾನೂ ಹಂಗ ಅಂದೆ. ನಾನರ ಎಲ್ಲಿ ನೋಡಿದ್ದೆ? ನಾ ಹೊರಗ ಲಾರಿ ಹಂತ್ಯಾಕ ಇದ್ದೆ. ಒದರಿದ್ದು ಕೇಳಿ ಓಡಿ ಬಂದೆ. ಅಲ್ಲಾನ ಆಣಿ, ನಮ್ಮ ಅಂಬಾದೇವಿ ಆಣಿ!

ಏನರ ಅನ್ನು ಮತ್ತ!

ಆತು, ಬ್ಯಾಡ. ಕೈ ತಗೀಬ್ಯಾಡ. ನಿನ್ನ ಮುಂದ ಮಾಡ್ತೀನಿ, ನೋಡಿ ಹೇಳು. ಹೆಚ್ಚಾದ್ರ ತಲಿ ಅಲ್ಲಾಡಿಸು, ಸಾಕು. ಇಕಾ, ಬಕೀಟು. ಇದು ಕಾಸ್ಟಿಕ್... ಹಾಕಿದೆ. ತಂಬಿಗಿ ಎಲ್ಲದ? ಹಾಂ, ಇಲ್ಲೇ ಅದ. ಈಗ ನೀರು...

ಯಾಕ ಎದ್ದಿ?

ಯಾಕ ಗ್ವಾಡಿಗಿ ಬೆನ್ನು ಹಚ್ಚಿ ನಿಂತಿ? ನಾ ಇನ್ನಾ ಹಾಕೇ ಇಲ್ಲ! ಬಕೀಟು ನೋಡವಲ್ಲಿ, ನನ್ನ ಕೈ ನೋಡಾಕತ್ತಿ... ಎಡಗೈ. ಹೌದು, ನಾ ಎಡಚ, ನಿನಗ ಗೊತ್ತಿಲ್ಲೇನು? ಅದರಾಗ ಏನು ನೋಡೋದದ? ನನ್ನ ಎಡಗೈಯಾಗ ತಂಬಿಗಿ ನೋಡಿ ಯಾಕ ಇಷ್ಟು ಅಂಜ್ತಿ? ನೀ ನೋಡೇ ಇಲ್ಲಲ್ಲ! ಜರಡಿ ತಗಳಾಕ ಆ ಕಡಿಗಿ ತಿರುಗಿದ್ದಿ, ಕೈ ಅಷ್ಟ ಡ್ರಮ್ಮಿನ ದಂಡಿಗಿ ಇತ್ತು, ನಿನ್ನ ಬೆನ್ನು ನನ್ನ ಕಡಿಗಿತ್ತು...

...

ಲಾರಿ ಹಂತ್ಯಾಕ ಇದ್ದೆ ಅಂದೆನಲ್ಲ ಈಗ.

ಕಳ್ಳನ ಮನಸು ಹುಳ್ಳಹುಳ್ಳಗ.

ತಂಬಿಗಿ ಕೆಳಗ ಇಟ್ಟೆ. ನೋಡು, ಇಟ್ಟೆ. ಕುಂದ್ರು. ಕುಂದ್ರು ತಂಗಿ, ಕೈ ಮುಗಿತೀನಿ.

ಲಾರಿ ನಿಂತಿತ್ತು, ಸಾವ್ಕಾರ ಬೈಯಾಕತ್ತಿದ್ದ. ಮುಂಜಾನೇನ ಹೇಳಿದ್ದಿ ನೀ, "ಆದೆಪ್ಪಣ್ಣ, ನೀರಾಗ ಕಾಸ್ಟಿಕ್ ಹಾಕು, ಕಾಸ್ಟಿಕ್ ಮ್ಯಾಲ ನೀರು ಹಾಕಬ್ಯಾಡ" ಅಂತ. ಹೇಳಿದ್ದಿ. ನಾನ ಸುರುವಿದೆ. ಜಲ್ದಿ ಆಗಲಿ ಅಂತ, ಈ ಎಡಗೈಲೆ ತುಂಬಿದ ತಂಬಿಗಿ ಒಮ್ಮಿಗೇ. ನೀ ಒದರಿ ತಿರುಗಿದಿ, ಬರಿದಾದ ತಂಬಿಗಿ ಇನ್ನಾ ನನ್ನ ಎಡಗೈಯಾಗ ಇತ್ತು. ಸಾವ್ಕಾರ ಓಡಿ ಬಂದು "ಯಾರು ಹಾಕಿದ್ದು?" ಅಂದ. ಬಾಯಿಲೆ ಬಂದುಬಿಡ್ತು... "ಈಕೀನ" ಅಂದೆ. ಮಾತಾಡಿದ್ರ ಹ್ವಾತು, ಮುತ್ತು ಒಡದ್ರ ಹ್ವಾತು. ನಿನ್ನ ತಪ್ಪು ಅಂತ ದವಾಖಾನಿಗೂ ಕಳಿಸಲಿಲ್ಲ ಅಂವ, ಮನಿಗಿ ಕಳಿಸಿದ. ಮರುದಿನ ನನ್ನ ಮೇಸ್ತ್ರಿ ಮಾಡಿದ. ಮೇಸ್ತ್ರಿ!

ನಿನಗ ಗೊತ್ತಿತ್ತು. ಅವತ್ತಿನಿಂದ ಗೊತ್ತಿತ್ತು. ಯಾರಿಗೂ ಯಾಕ ಹೇಳಲಿಲ್ಲ ಬೇ? ಹೇಳಿದ್ರ ಯಾರು ನಂಬ್ತಿದ್ರು, ಅಂತಾನಾ? ಹೌದು... ಯಾರು ನಂಬ್ತಿದ್ರು. ನಾ ಗಂಡಸು, ಗಟ್ಟಿ ದನಿಲೆ ಹೇಳಿದ್ದೆ.

ಏನು ಮಾಡ್ತಿ? ಸೆರಗು ಯಾಕ ಸರಿಸ್ತಿ? ಬ್ಯಾಡ... ಈಗ ಬ್ಯಾಡ ಹೀರಾಬಿ, ನನಗ ಅಳತಿ ಬ್ಯಾಡ. ಅಂಟವಾಳ ಪುಡಿಯಾಗ ಕೈ ಇಡಬ್ಯಾಡ...

ಯವ್ವಾ.

ಬೆರಳು ಮಡಚಂಗಿಲ್ಲೇನು? ಒಂದೂ? ಪುಡಿ ಎಲ್ಲಾ ಸಂದಿಲೆ ಸೋರಾಕತ್ತದ... ಸಾಕು, ಸಾಕು ಬಿಡು! ಇದರಾಗ ಹಿಡಿ ಎಲ್ಲಿಂದ ಬರಬೇಕು? ನಾ ಊರೂರು ಅಳತಿ ಹುಡುಕಾಕತ್ತೀನಿ. ಅಳತಿ ಸುಟ್ಟಾಂವ ನಾನೇ.

...ಫೋನು. ಯಶೋಧಾ. ಹನ್ನೆರಡಾತೇನು?

ಬ್ಯಾಡ, ಬಡಕೊಳ್ಳಲಿ. ಆಮ್ಯಾಲ ಮಾಡ್ತೀನಿ. ಊರಿಗಿ ಹೋಗಿ ನಿಧಾನಕ್ಕ... ಯಾಕ ಅದನ್ನ ನನ್ನ ಕಡಿಗಿ ನೂಕ್ತಿ? ಆ ಕೈಲೇ ನೂಕ್ತಿಯೇನು... ಹೀರಾಬಿ, ಆಕಿ ನನ್ನನ್ನ ತನ್ನ ಅಪ್ಪಗಿಂತ ಹೆಚ್ಚು ಅಂತ ತಿಳದಾಳ, ಆಕಿ ಮುಂದ ಮಾತ್ರ... ಹಂಗ ನೋಡಬ್ಯಾಡ. ಬೈಯಿ, ಉಗುಳು, ಹಿಂಗ ಸುಮ್ಮನ ಮಾತ್ರ ನೋಡಬ್ಯಾಡ!

ಆತು.

ಆತು, ಎತ್ತೀನಿ.

ಹಲೋ... ಹೂಂ ಯವ್ವಾ, ಮಾನ್ವಿಯಾಗ ಅದೀನಿ. ಅಳತಿ ಸಿಗಲಿಲ್ಲ... ಇನ್ನ ಸಿಗಂಗಿಲ್ಲ. ಇಲ್ಲಿ ಹೀರಾಬಿ ಅದಾಳ, ಕೇಳಾಕತ್ತಾಳ... ಯಾವ ಹೀರಾಬಿ ಅಂತೀಯಾ? ಹೌದವ್ವಾ, ನಾ ಎಂದೂ ಹೆಸರು ತಗದಿಲ್ಲ. ಬೆಳ್ಳಕ್ಕಿ ಹುಟ್ಟಿಸಿದಾಕಿ. ಆಕಿ ಕೈ ಸುಟ್ಟಾಂವ... ಬೋರ್ಡು ನಿನ್ನ ಮುಂದನ ಅದಲ್ಲ, ಪಟಗಾ ಸುತ್ತಿಗಂಡು ಕುಂತಾನ ನೋಡು.