ಮೇಲಿನ ನಾಲ್ಕು ಹಲ್ಲು

ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ... ಅಷ್ಟು ಸಾಕು.

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಗೋಡೆಯ ಆಚೆ ಮನೆಯವನಿಗೆ ಆದದ್ದು. ಮರದ ಡಿಪೋ ಪಕ್ಕದಲ್ಲಿ ಅವನದೊಂದು ಸಣ್ಣ ಅಂಗಡಿ. ಬಡಗಿಗಳು ತಂದುಕೊಡುವ ಗರಗಸವನ್ನು ಅರದಲ್ಲಿ ಉಜ್ಜಿ, ಹಲ್ಲು ಹರಿತ ಮಾಡಿ ಕೊಡುವುದು ಅವನ ಕಸುಬು. ಮೂವತ್ತು ವರ್ಷದಿಂದ ಅದೇ. ಬೀದಿಯವರೆಲ್ಲ ಗರಗಸದಣ್ಣ ಅನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ಆದರೂ ನಾನೂ ಹಾಗೇ ಅನ್ನುತ್ತೇನೆ.

ಅವತ್ತು ರಾತ್ರಿ ಒಂಬತ್ತೂವರೆ ದಾಟಿತ್ತು. ಗರಗಸದಣ್ಣ ಹಲ್ಲಿನ ಆಸ್ಪತ್ರೆಯಿಂದ ನಡೆದು ಬರುತ್ತಿದ್ದ. ಒಬ್ಬನೇ. ಅಂಗಿ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಅವನ ಹೆಂಡತಿಯ ಹಲ್ಲು. ಹೊಸದು. ಮೇಲಿನ ಸಾಲಿನ ಮುಂದಿನ ನಾಲ್ಕು.

ಹೆಜ್ಜೆ ಇಟ್ಟಾಗೆಲ್ಲ ಡಬ್ಬಿಯಲ್ಲಿ ಸದ್ದು. ಟಕ್... ಟಕ್... ಟಕ್...

ನಮ್ಮ ಬೀದಿಗೆ ತಿರುಗುವ ಕಡೆ ಒಂದು ಹಳೇ ಬಾವಿ ಇದೆ. ಈಗ ಯಾರೂ ನೀರು ಸೇದುವುದಿಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಲ್ಲಿಯ ಬೀದಿದೀಪ ಕೆಟ್ಟು ಬಹಳ ದಿನವಾಗಿತ್ತು. ಬಾವಿಕಟ್ಟೆ ಹತ್ತಿರ ಅವನ ಚಪ್ಪಲಿ ಪಟ್ಟಿ ಜಾರಿತು. ಸರಿ ಮಾಡಿಕೊಳ್ಳಲು ನಿಂತ.

ಅವನು ನಿಂತ. ಸದ್ದು ನಿಲ್ಲಲಿಲ್ಲ.

ಟಕ್... ಟಕ್... ಟಕ್...

ಜೇಬಿನ ಮೇಲೆ ಕೈ ಇಟ್ಟ. ಡಬ್ಬಿ ನಡುಗುತ್ತಿತ್ತು. ಚಳಿ ಹಿಡಿದವರು ನಡುಗುವ ಹಾಗೆ.

ಬೆನ್ನ ಹಿಂದೆ, ಕಿವಿಗೆ ತೀರಾ ಹತ್ತಿರ, ಯಾರೋ ಪಿಸುಗುಟ್ಟಿದರು.

"ನಡಿ... ಚಳಿ."

ಅವನು ತಿರುಗಲಿಲ್ಲ. ತಿರುಗಿದರೆ ಅಲ್ಲಿ ಯಾರೂ ಇಲ್ಲದೇ ಹೋದರೆ ಅನ್ನುವ ಭಯ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದ.

ಇರಿ. ಮೊದಲಿಂದ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ಎಂಟು ವರ್ಷದ ಹಿಂದೆ ಅವನ ಹೆಂಡತಿ ನಲ್ಲಿ ಹತ್ತಿರ ಜಾರಿ ಬಿದ್ದಳು. ಕಟ್ಟೆಯ ಅಂಚು ಬಾಯಿಗೆ ಬಡಿಯಿತು. ಮೇಲಿನ ನಾಲ್ಕು ಹಲ್ಲು ಹೋದವು. ಅವತ್ತಿನಿಂದ ಅವಳ ಬಾಯಲ್ಲಿ 'ಸ' ನಿಲ್ಲುತ್ತಿರಲಿಲ್ಲ. ಸಂದಿಯಲ್ಲಿ ಗಾಳಿ ಹೋಗಿ 'ಹ' ಆಗಿಬಿಡುತ್ತಿತ್ತು. ಸೋಪು ಅಂದರೆ ಹೋಪು. ಸೂಜಿ ಅಂದರೆ ಹೂಜಿ. ಫಜೀತಿ ಆಗುತ್ತಿದ್ದದ್ದು ಊಟದ ಹೊತ್ತಿಗೆ. ಸಾಕು ಅಂದರೆ ಹಾಕು ಅಂತ ಕೇಳುತ್ತಿತ್ತು. ನೆಂಟರ ಮನೆಯಲ್ಲಿ ಅವಳು ಸಾಕು ಸಾಕು ಅಂದಷ್ಟೂ ಬಡಿಸುವವರು ಹಾಕಿದ್ದೇ ಹಾಕಿದ್ದು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಆಮೇಲೆ ಹೊರಗಡೆ ಊಟಕ್ಕೆ ಹೋಗುವುದನ್ನೇ ಬಿಟ್ಟಳು.

"ಊರಿನ ಗರಗಹಕ್ಕೆಲ್ಲ ಹಲ್ಲು ಮಾಡ್ತೀಯ. ಕಟ್ಟಿಕೊಂಡವಳ ಬಾಯಿ ನೋಡು, ಬಾಗಿಲು ಕಿತ್ತ ಮನೆ ಇದ್ದ ಹಾಗಿದೆ" ಅನ್ನುತ್ತಿದ್ದಳು.

"ಮುಂದಿನ ತಿಂಗಳು ಹೋಗೋಣ ಕಣೇ" ಅನ್ನುತ್ತಿದ್ದ ಇವನು.

ಒಂದೇ ಬೀದಿಯಲ್ಲಿ ಆಡಿ ಬೆಳೆದವರು ಇಬ್ಬರೂ. ಅವಳಿಗೆ ಇವನು ಕಡೆತನಕ 'ನೀನು'. ನೀವು, ಬನ್ನಿ, ಹಾಕಿ, ಇದೆಲ್ಲ ಅವಳಿಗೆ ಬರುತ್ತಲೇ ಇರಲಿಲ್ಲ.

ಆ ಮುಂದಿನ ತಿಂಗಳು ಬರುವುದಕ್ಕೆ ಎಂಟು ವರ್ಷ ಹಿಡಿಯಿತು.

ಆಸ್ಪತ್ರೆ ಹಲ್ಲಿಗೇ ಮೀಸಲಾದದ್ದು. ಮಹಡಿ ಮೇಲೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ದವಡೆ ಮೂಳೆಗೇ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಇಡೋದು ಒಂದಿದೆ. ಇಂಪ್ಲಾಂಟ್ ಅಂತಾರೆ. ಆದ್ರೆ ಅಮ್ಮಂಗೆ ಶುಗರ್ ಜಾಸ್ತಿ. ಗಾಯ ಬೇಗ ಮಾಯಲ್ಲ. ನಾನಾದ್ರೆ ಬೇಡ ಅಂತೀನಿ. ಇಲ್ಲಾಂದ್ರೆ ಬ್ರಿಡ್ಜ್. ಅಕ್ಕಪಕ್ಕದ ಗಟ್ಟಿ ಹಲ್ಲನ್ನ ಉಜ್ಜಿ ಸಣ್ಣ ಮಾಡಿ, ಅದಕ್ಕೆ ಸೇರಿಸಿ ಸೇತುವೆ ಥರ ಕಟ್ಟೋದು."

"ಇರೋ ಹಲ್ಲಿಗೆ ಅರ ಹಿಡಿಯೋದಾ? ಬೇಡಮ್ಮ. ಮನೇಲಿ ಅರ ಹಿಡಿಯೋನು ಒಬ್ಬ ಇದ್ದಾನೆ. ಹಾಕು."

"ಏನು ಹಾಕ್ಲಿ ಅಮ್ಮ?"

"ಹಾಕೋದಲ್ಲ ಡಾಕ್ಟ್ರೇ. ಸಾಕು ಅಂತಿದ್ದಾಳೆ" ಅಂದ ಗರಗಸದಣ್ಣ.

ಕಡೆಗೆ ಹಗಲು ಹಾಕಿಕೊಂಡು ರಾತ್ರಿ ತೆಗೆದಿಡುವ ಸೆಟ್ ಮಾಡಿಸುವುದು ಅಂತ ಆಯಿತು. ಗುಲಾಬಿ ಬಣ್ಣದ ಹಿಟ್ಟನ್ನು ಬಾಯಿಗೆ ಒತ್ತಿ ಅಚ್ಚು ತೆಗೆದರು. ಉಳಿದ ಹಲ್ಲಿನ ಬಣ್ಣಕ್ಕೆ ಹೊಂದುವ ಬಣ್ಣ ಗುರುತು ಹಾಕಿಕೊಂಡರು. ಇನ್ನೊಂದು ದಿನ ಕರೆದು, ಮೇಣದಲ್ಲಿ ನಿಲ್ಲಿಸಿದ ಹಲ್ಲನ್ನು ಬಾಯೊಳಗೆ ಇಟ್ಟು ನೋಡಿದರು.

"ಹೇಳಿ ಅಮ್ಮ. ಸಾಸಿವೆ."

"ಸಾ... ಸಾಸಿವೆ."

"ಸಾವಿರ."

"ಸಾವಿರ."

"ಸೊಸೆ."

"ಸೊಸೆ. ಸಾಕಾ?"

ತಾನು ಅಂದದ್ದು ಅವಳ ಕಿವಿಗೇ ಬಿತ್ತು. ಆಮೇಲೆ ಮೆಲ್ಲಗೆ, ರುಚಿ ನೋಡುವವಳ ಹಾಗೆ, "ಸಾಕು" ಅಂದಳು. "ಸಾಕು. ಸಾಕು. ಸಾಕು." ನಕ್ಕಳು. ಕೈ ಅಡ್ಡ ಹಿಡಿಯುವುದು ಮರೆತಿದ್ದಳು. ಗರಗಸದಣ್ಣ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಮೇಣದ ಸೆಟ್ಟನ್ನು ಅವರು ವಾಪಸ್ ತೆಗೆದುಕೊಂಡರು.

"ಹತ್ತು ದಿನ ಬಿಡಿ. ಗಟ್ಟಿ ಮಾಡಿ ಕೊಡ್ತೀವಿ. ಆಮೇಲೆ ದಿನಾ ಒಬ್ಬರೇ ಕೂತು ಈ ಮಾತು ಹೇಳಿ ಅಭ್ಯಾಸ ಮಾಡ್ಬೇಕು. ನಾಲಿಗೆ ಮರೆತಿರುತ್ತೆ" ಅಂದಳು ಡಾಕ್ಟರಮ್ಮ.

ಎಂಟನೇ ದಿನ ಅವಳು ಹೋದಳು.

ಜ್ವರ. ಎದೆ ತುಂಬ ಕಫ. ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಸೇರಿಸುವುದು ಅಂತ ಇತ್ತು. ರಾತ್ರಿ ಎರಡು ಗಂಟೆ. ಮನೆಯಲ್ಲಿ ಇವರಿಬ್ಬರೇ. ಚಳಿಗೆ ಅವಳ ಹಲ್ಲು, ಇದ್ದಷ್ಟು, ಕಟಕಟ ಅನ್ನುತ್ತಿತ್ತು. ಗಂಟಲು ಒಣಗಿದೆ ಅಂತ ಕೈಸನ್ನೆ ಮಾಡಿದಳು. ಇವನು ಚಮಚದಲ್ಲಿ ನೀರು ಬಿಟ್ಟ.

ಒಂದು ಚಮಚ. "ಹಾಕು" ಅಂದಳು.

ಎರಡು. "ಹಾಕು" ಅಂದಳು. ದನಿ ಇನ್ನೂ ಸಣ್ಣಗೆ.

ಮೂರನೆಯದು ಬಿಟ್ಟ. ಕೆಮ್ಮಿದಳು. ಆಮೇಲೆ ಇಲ್ಲ.

ಬೆಳಿಗ್ಗೆ ಬಂದ ಡಾಕ್ಟರು, ನೀರಿನಿಂದ ಏನೂ ಆಗಿಲ್ಲಪ್ಪ, ಎದೆ ಮೊದಲೇ ಸೋತಿತ್ತು ಅಂದರು. ಅದು ಇವನ ತಲೆಗೆ ಹೋಗಲೇ ಇಲ್ಲ. ತಲೆಯೊಳಗೆ ಇದ್ದದ್ದು ಒಂದೇ. ಅವಳು ಹಾಕು ಅಂದಳೋ... ಸಾಕು ಅಂದಳೋ?

ಸಾಕು ಅಂದವಳ ಬಾಯಿಗೆ ನೀರು ಸುರಿದೆನಾ?

ಒಂದು ಸಂಜೆ ಜಗಲಿಯಲ್ಲಿ ಕೂತು ನನ್ನನ್ನೇ ಕೇಳಿದ. ನಾನು ಅಲ್ಲಿರಲಿಲ್ಲ.

ಹಲ್ಲಿನ ಆಸ್ಪತ್ರೆಯಿಂದ ಫೋನ್ ಬಂತು. ಸೆಟ್ ರೆಡಿ ಇದೆ ಬನ್ನಿ ಅಂತ. ಇವನು ಹೋಗಲಿಲ್ಲ. ಮತ್ತೆ ಬಂತು. ಒಂದು ತಿಂಗಳಾದ ಮೇಲೆ, ನಾಲ್ಕನೇ ಫೋನಿಗೆ ಹೋದ. ಕೌಂಟರಿನಲ್ಲಿದ್ದ ನರ್ಸಮ್ಮ ಡಬ್ಬಿ ತಂದು ಮುಂದಿಟ್ಟಳು.

"ಅಮ್ಮ ಬರ್ಲಿಲ್ವಾ?"

"ಮನೇಲಿದ್ದಾಳೆ" ಅಂದ.

ಬಾಯಿಗೆ ಬಂದದ್ದು ಅದೇ. ಯಾಕೆ ಹಾಗಂದೆ ಅಂತ ಅವನಿಗೂ ಗೊತ್ತಿಲ್ಲ.

"ಮೊದಮೊದಲು ಬಿಗಿ ಅನ್ಸುತ್ತೆ. ರಾತ್ರಿ ನೀರಲ್ಲಿ ಹಾಕಿಡಿ, ಒಣಗಿದ್ರೆ ಸೊಟ್ಟ ಆಗುತ್ತೆ. ಒಂದು ವಾರ ಹಾಕ್ಕೊಂಡು ನೋಡಿ ತಂದು ತೋರಿಸ್ಬೇಕು. ಅಮ್ಮಂಗೆ ಹೇಳ್ತೀರಲ್ಲ?"

"ಹೇಳ್ತೀನಿ."

ಅಲ್ಲಿಂದ ಬರುವಾಗ ಬಾವಿ ಹತ್ತಿರ ಆದದ್ದು ಆಗಲೇ ಹೇಳಿದೆ.

ಮನೆಗೆ ಬಂದು ಬೀಗ ತೆಗೆದ. ಒಳಗೆ ಯಾರೂ ಇಲ್ಲದ ಮನೆಯ ಬೀಗದ ಸದ್ದೇ ಬೇರೆ. ಗೊತ್ತಿರುವವರಿಗೆ ಗೊತ್ತು. ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟಕ್ಕೆ ನೀರು ತುಂಬಿ, ಹಲ್ಲು ಅದರಲ್ಲಿ ಹಾಕಿಟ್ಟ. ಊಟ ಮಾಡಲಿಲ್ಲ. ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ.

ಎರಡು ಗಂಟೆ ಇರಬಹುದು...

ಟಿಣ್.

ಲೋಟಕ್ಕೆ ಏನೋ ತಾಗಿದ ಸದ್ದು. ಆಮೇಲೆ ನೆಲದ ಮೇಲೆ ನೀರು ಹನಿಯುವ ಸದ್ದು. ತೊಟ್... ತೊಟ್... ಆಮೇಲೆ ಉಸಿರಿನ ಹಾಗೆ ಒಂದು ದನಿ.

"ಹಾ... ಹಾಹಿವೆ."

ಮತ್ತೆ.

"ಹಾಸಿವೆ..."

ಅವನು ಉಸಿರು ಬಿಗಿಹಿಡಿದು ಮಲಗಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಹಲ್ಲು ಲೋಟದಲ್ಲೇ ಇತ್ತು. ನೆಲ ಒಣಗಿತ್ತು.

ಮಾರನೇ ರಾತ್ರಿ ಅದೇ ಹೊತ್ತಿಗೆ ಮತ್ತೆ. ಮೂರನೇ ರಾತ್ರಿ ಸಾಸಿವೆ ಸರಿಯಾಗಿ ಬಂತು. ನಾಲ್ಕನೇ ರಾತ್ರಿ ಸಾವಿರ.

"ಭಯ ಆಗ್ಲಿಲ್ವೇನೋ?" ಅಂತ ನಾನು ಕೇಳಿದ್ದೆ.

"ಆಯ್ತು. ನಾನು ಎದ್ದು ಕೂತ್ರೆ ಎಲ್ಲಿ ನಿಲ್ಲಿಸಿಬಿಡ್ತಾಳೋ ಅಂತ" ಅಂದ.

ಆ ವಾರ ಅವನು ಅಂಗಡಿ ಬೇಗ ಮುಚ್ಚುತ್ತಿದ್ದ. ಬಡಗಿಯೊಬ್ಬ, "ಏನಣ್ಣ, ಹೊಸ ಮದುವೆ ಗಂಡಿನ ಹಾಗೆ ಓಡ್ತೀಯ" ಅಂತ ರೇಗಿಸಿದ. ಇವನು ನಕ್ಕನಂತೆ. ಬಡಗಿಗೇ ಆಮೇಲೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಅವನ ಮನೆಗೂ ನಮ್ಮ ಮನೆಗೂ ಇರುವುದು ಒಂದೇ ಗೋಡೆ. ನಮ್ಮ ಮನೆಯಲ್ಲೂ ಈಗ ಸದ್ದು ಮಾಡುವವರು ಯಾರೂ ಇಲ್ಲ. ಆಚೆ ಕಡೆ ಸೂಜಿ ಬಿದ್ದರೂ ಕೇಳುತ್ತದೆ. ಮಾತು ನನಗೆ ಕೇಳಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಲೋಟದ ಸದ್ದು ಕೇಳಿಸಿತು. ಎರಡು ರಾತ್ರಿ.

ಅವತ್ತು ಏನಂದೆ ಅಂತ ಅವಳನ್ನೇ ಕೇಳಬೇಕು ಅನ್ನುವ ಆಸೆ ಇವನಿಗೆ. ಕೇಳಿದರೆ ಏನು ಹೇಳಿಬಿಡುತ್ತಾಳೋ ಅನ್ನುವ ಭಯ ಒಂದು ಕಡೆ. ಹೇಳಿ ಮುಗಿಸಿ ಹೊರಟುಬಿಟ್ಟರೆ ಅನ್ನುವ ಭಯ ಇನ್ನೊಂದು ಕಡೆ. ಐದು ರಾತ್ರಿ ಹಾಗೇ ಕಳೆದ.

ಆರನೇ ರಾತ್ರಿ 'ಸೊಸೆ' ಬಂತು. ಈಗಷ್ಟೇ ಅರ ಹಿಡಿದ ಹಲ್ಲಿನ ಹಾಗೆ, ಹರಿತ. ಬೆಳಗಾದರೆ ಹಲ್ಲನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಬೇಕು. ಇನ್ನು ತಡೆಯಲು ಆಗಲಿಲ್ಲ.

ಎದ್ದ. ದೀಪ ಹಾಕಲಿಲ್ಲ. ತಂಬಿಗೆಯಲ್ಲಿ ನೀರು ತೆಗೆದುಕೊಂಡ. ಅವತ್ತಿನ ಚಮಚವನ್ನು ಬೇರೆ ಎತ್ತಿಟ್ಟಿದ್ದ. ಅದನ್ನೂ ತೆಗೆದುಕೊಂಡ. ಅಡುಗೆಮನೆ ಹೊಸಿಲ ಹತ್ತಿರ ನೆಲದ ಮೇಲೆ ಕೂತ.

"ಇದ್ದೀಯಾ?"

"ಹೂಂ."

"ಅವತ್ತು... ಏನಂದೆ?"

ತೊಟ್... ತೊಟ್...

"ಹೇಳೋದು ಬೇಡ ಅಂದ್ರೆ ಬೇಡ. ಇರು. ಅಷ್ಟೇ."

ಚಮಚ ತುಂಬಿ ಕತ್ತಲೆಗೆ ಕೈ ಚಾಚಿದ. ಚಮಚಕ್ಕೆ ಹಲ್ಲು ತಾಗಿತು. ಟಿಕ್. ಚಮಚ ಹಗುರಾಯಿತು.

"ಹಾಕು."

ಹ. ಎದೆಯಿಂದ ಬಂದ ಹ. ಗಾಳಿ ಸೋರಿ ಆದದ್ದಲ್ಲ. ಚಿಕ್ಕಂದಿನಿಂದ ಆ ದನಿ ಕೇಳಿದವನಿಗೆ ಗೊತ್ತಾಗುವುದಿಲ್ಲವೇ?

ಎರಡನೇ ಚಮಚ. ಟಿಕ್.

"ಹಾಕು."

ಮೂರನೆಯದು ಅರ್ಧ ಚೆಲ್ಲಿತು. ಮತ್ತೆ ತುಂಬಿದ. ಟಿಕ್...

ಅವತ್ತು ನಿಂತದ್ದು ಇಲ್ಲೇ.

ಆಮೇಲೆ...

"ಸಾಕು."

ಅವತ್ತು ಎರಡು ಸಲವೂ ಅವಳು ಕೇಳಿದ್ದು ನೀರನ್ನೇ. ಮೂರನೆಯದಕ್ಕೆ ಹೇಳಬೇಕಾದ ಮಾತು ಬಾಯಲ್ಲೇ ಉಳಿದಿತ್ತು. ಈಗ ಹೇಳಿದಳು.

ಅವನು ಗೋಡೆಗೆ ಒರಗಿ ಅತ್ತ. ಆಮೇಲೆ ಗಾಬರಿಯಾಗಿ ಇನ್ನೊಂದು ಚಮಚ ತುಂಬಿದ.

"ಇನ್ನೊಂದು ಹಾಕ್ತೀನಿ ಕಣೇ. ಇನ್ನೊಂದೇ."

ಯಾರೂ ತೆಗೆದುಕೊಳ್ಳಲಿಲ್ಲ.

ಕೈ ಚಾಚಿಕೊಂಡೇ ಕೂತ. ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸಿದ. ಬೆಳಕು ಹರಿಯುವವರೆಗೆ. ಚಮಚದ ನೀರು ಹಾಗೇ ಇತ್ತು.

ಆಮೇಲೆ ಆ ಮನೆಯಲ್ಲಿ ರಾತ್ರಿ ಸದ್ದಿಲ್ಲ.

ಅವತ್ತು ಸಂಜೆ ಹಲ್ಲಿನ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಡಬ್ಬಿ ತೆಗೆದು ಹಲ್ಲನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದಳು.

"ಅಮ್ಮ ಇವತ್ತೂ ಬರ್ಲಿಲ್ವಾ?"

"ಈಗ ಮನೇಲಿಲ್ಲಮ್ಮ."

"ಚೆನ್ನಾಗಿ ಹಾಕ್ಕೊಂಡಿದ್ದಾರೆ. ಆದ್ರೆ ಸ್ಟೀಲ್ ಚಮಚ ಹಲ್ಲಲ್ಲಿ ಕಚ್ಚಬಾರದು ಅಂತ ಹೇಳಿ. ನೋಡಿ, ಅಂಚಲ್ಲಿ ಗೀರು ಬಿದ್ದಿದೆ. ಉಜ್ಜಿ ನುಣುಪು ಮಾಡಿಕೊಡ್ಲಾ?"

"ಬೇಡಮ್ಮ. ಇರ್ಲಿ."

ಈಗ ಆ ಡಬ್ಬಿ ಅವನ ಅಂಗಡಿಯಲ್ಲಿದೆ. ಅರಗಳನ್ನು ನೇತುಹಾಕುವ ಹಲಗೆಯ ಮೂಲೆಯಲ್ಲಿ. ನೀರು ಬತ್ತದ ಹಾಗೆ ದಿನಾ ನೋಡಿಕೊಳ್ಳುತ್ತಾನೆ. ಮೊನ್ನೆ ನಾನು ಹೋದಾಗ ತೆಗೆದು ನನ್ನ ಕೈಯಲ್ಲಿಟ್ಟ. ನನಗೆ ಕಣ್ಣು ಅಷ್ಟು ಸರಿಯಾಗಿ ಕಾಣುವುದಿಲ್ಲ. ಹಲ್ಲಿನ ಅಂಚಿಗೆ ಉಗುರು ಇಟ್ಟು ಮೆಲ್ಲಗೆ ಎಳೆದು ನೋಡಿದೆ. ಇದೇ ಉಗುರು.

ಮೂರು ಹಲ್ಲಿನಲ್ಲಿ ಗೀರಿಗೆ ತಡೆಯಿತು. ನಾಲ್ಕನೆಯದು ನುಣ್ಣಗಿತ್ತು.